ಎಂಟು ಟೊಪ್ಪಿಗಳ ಲೆಕ್ಕ

ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಎಷ್ಟು ಕನ್ನಡ ಆಡುತ್ತೀರಿ ಅಂತ ಯಾವತ್ತಾದರೂ ಬರೆದಿಟ್ಟು ನೋಡಿದ್ದೀರಾ? ನಾನು ನೋಡಿದೆ. ಹೋದ ಚಳಿಗಾಲದ ಒಂದು ಶನಿವಾರ ಎಂಟು ವರ್ಷದ ಮಗನ ಜೊತೆ ಆಡಿದ ಕನ್ನಡದ ಕ್ರಿಯಾಪದಗಳನ್ನೆಲ್ಲ ಫ್ರಿಜ್ಜಿಗೆ ಅಂಟಿಸಿದ ಹಾಳೆಯಲ್ಲಿ ಗೀಚುತ್ತಾ ಹೋದೆ. ಏಳು, ಉಜ್ಜು, ತಿನ್ನು, ಬೇಗ, ಹಾಕ್ಕೋ, ಆರಿಸು, ಮಲಗು. 'ಬೇಗ' ಕ್ರಿಯಾಪದ ಅಲ್ಲ, ಗೊತ್ತು. ನಮ್ಮನೆಯಲ್ಲಿ ಅದಕ್ಕೆ ಆ ಸ್ಥಾನ ಸಿಕ್ಕಿಬಿಟ್ಟಿದೆ.

ರಾತ್ರಿ ಹಾಳೆ ನೋಡಿದರೆ ಎಲ್ಲವೂ ಆಜ್ಞೆ. 'ಯಾಕೆ' ಅಂತ ಅವನು ಕೇಳಿದಾಗೆಲ್ಲ ನಾನೇ ಇಂಗ್ಲಿಷಿಗೆ ಹಾರಿದ್ದೆ. ಅಂದರೆ ಅವನ ಪಾಲಿಗೆ ಕನ್ನಡ ಗದರಿಸುವ ಭಾಷೆ, ಇಂಗ್ಲಿಷ್ ವಿಷಯ ತಿಳಿಯುವ ಭಾಷೆ. ಅವನು ಕನ್ನಡದಲ್ಲಿ ಉತ್ತರ ಕೊಡುವುದಿಲ್ಲ ಅಂತ ನಾನು ಅಮ್ಮನ ಹತ್ತಿರ ಫೋನಿನಲ್ಲಿ ದೂರುತ್ತಿದ್ದೆನಲ್ಲ, ಆಜ್ಞೆಗೆ ಯಾರು ತಾನೇ ಉತ್ತರ ಕೊಡುತ್ತಾರೆ?

ಈ ತಿಂಗಳು ನಾನು ಹೇಳಹೊರಟಿರುವುದು ಗ್ರೀಸಿನ ವಿಷಯ. ಅದಕ್ಕೂ ಆ ಹಾಳೆಗೂ ಸಂಬಂಧ ಇದೆ. ನಿಮ್ಮಲ್ಲಿ ಆಸ್ಟ್ರೇಲಿಯಾದಲ್ಲೋ ಗಲ್ಫಿನಲ್ಲೋ ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲೋ ಇರುವ ಎಷ್ಟೋ ಜನರ ಮನೆ ಮುಂದೆ ಒಂದು ಫೋರ್ ವೀಲ್ ಡ್ರೈವ್ ನಿಂತಿರುತ್ತದೆ. ಅದರ ಹೊಟ್ಟೆಯ ಕೆಳಗೆ ನೀವು ಯಾವತ್ತೂ ಬಗ್ಗಿ ನೋಡಿಲ್ಲದಿದ್ದರೆ ಈ ಅಂಕಣ ನಿಮಗೇ.

ನಾವಿರುವುದು ಅಡಿಲೇಡಿನಲ್ಲಿ. ಹಳೆಯ ಡಬಲ್ ಕ್ಯಾಬ್ ಯೂಟ್ ಒಂದಿದೆ. ಹಿಂದುಗಡೆ ಲೀಫ್ ಸ್ಪ್ರಿಂಗ್, ನಮ್ಮ ಲಾರಿ ಮೆಕ್ಯಾನಿಕ್‌ಗಳು ಕಮಾನು ಪಟ್ಟೆ ಅನ್ನುತ್ತಾರಲ್ಲ, ಅದೇ. ಕೊಂಡ ಮೇಲೆ ಸಸ್ಪೆನ್ಷನ್ ಬದಲಾಯಿಸಿದೆವು. ಕಂಪನಿಯ ರಬ್ಬರ್ ಬುಷ್‌ಗಳು ಹೋಗಿ ಪಾಲಿಯುರಿಥೇನ್ ಬುಷ್‌ಗಳೂ ಗ್ರೀಸ್ ತುಂಬಬಹುದಾದ ಪಿನ್‌ಗಳೂ ಬಂದವು. ಹಿಂದೆ ಒಂದೊಂದು ಮಗ್ಗುಲಿಗೆ ಮೂರು: ಸ್ಪ್ರಿಂಗಿನ ಮುಂದಿನ ಕಣ್ಣಿನಲ್ಲಿ ಒಂದು, ಹಿಂದಿನ ಶ್ಯಾಕಲ್‌ನಲ್ಲಿ ಮೇಲೊಂದು ಕೆಳಗೊಂದು. ಮುಂದಿನ ಮೇಲ್ತೋಳುಗಳ ಬಾಲ್ ಜಾಯಿಂಟ್‌ಗೆ ಒಂದೊಂದು. ಒಟ್ಟು ಎಂಟು ಗ್ರೀಸ್ ನಿಪ್ಪಲ್. ಅಮೆರಿಕದವರು ಇದನ್ನು ಜರ್ಕ್ ಅನ್ನುತ್ತಾರೆ, 1929ರಲ್ಲಿ ಅಲ್ಲಿ ಇದರ ಪೇಟೆಂಟ್ ಪಡೆದ ಆಸ್ಕರ್ ಜರ್ಕ್ ಹೆಸರಿನಿಂದ. ಇಲ್ಲಿಯವರು ಮಾತ್ರ ನಮ್ಮೂರ ಟ್ರ್ಯಾಕ್ಟರ್ ರಿಪೇರಿಯವರ ಹಾಗೆ ನಿಪ್ಪಲ್ ಅಂತಲೇ ಅನ್ನುತ್ತಾರೆ.

ಇದು ಬೆರಳ ತುದಿಯಷ್ಟು ಸಣ್ಣ ವಸ್ತು. ಒಳಗೊಂದು ಪುಟ್ಟ ಗುಂಡು, ಅದರ ಹಿಂದೆ ಪುಟ್ಟ ಸ್ಪ್ರಿಂಗು. ಗ್ರೀಸ್ ಗನ್ನಿನ ಒತ್ತಡಕ್ಕೆ ಗುಂಡು ಒಳಗೆ ಸರಿದು ದಾರಿ ಬಿಡುತ್ತದೆ, ಒತ್ತಡ ನಿಂತರೆ ಬಾಗಿಲು ಮುಚ್ಚುತ್ತದೆ. ಗನ್ನಿನ ಮೂತಿ ಕಚ್ಚಿಕೊಳ್ಳಬೇಕಾದ್ದರಿಂದ ಅದು ಹೊರಗೆ ಚಾಚಿರಲೇಬೇಕು. ಚಾಚಿರುವುದರಿಂದಲೇ ಕಲ್ಲಿಗೂ ಸುಲಭವಾಗಿ ಸಿಗುತ್ತದೆ.

ನಮ್ಮದು ಸಿಕ್ಕಿದ್ದು ಫ್ಲಿಂಡರ್ಸ್ ರೇಂಜಸ್‌ನಲ್ಲಿ. ಅಡಿಲೇಡಿನಿಂದ ಉತ್ತರಕ್ಕೆ ಸುಮಾರು 430 ಕಿಲೋಮೀಟರ್ ಹೋದರೆ ವಿಲ್ಪೀನಾ ಪೌಂಡ್, ಅದರಾಚೆ ಬ್ರಾಚಿನಾ ಗಾರ್ಜ್. ಅಲ್ಲಿ ರಸ್ತೆ ಅಂದರೆ ಬಹುಪಾಲು ಹಳ್ಳದ ಪಾತ್ರವೇ. (ಮಕ್ಕಳನ್ನು ಕರೆದುಕೊಂಡು ಹೋದರೆ ಎನೊರಾಮಾ ಹಳ್ಳದ ಹತ್ತಿರ ನಿಲ್ಲಿಸಿ. ಭೂಮಿಯ ಚರಿತ್ರೆಯಲ್ಲಿ ಎಡಿಯಾಕರನ್ ಅವಧಿ ಎಲ್ಲಿಂದ ಶುರು ಅಂತ ತೋರಿಸುವ ಗುರುತು 2004ರಿಂದ ಅಲ್ಲಿನ ಬಂಡೆಯಲ್ಲೇ ಇದೆ.) ಸೆಪ್ಟೆಂಬರ್ ರಜೆಯಲ್ಲಿ ಹೋಗಿದ್ದೆವು. ಟೆಂಟ್ ಹಾಕುವ ಜಾಗಕ್ಕೆ ಗಾಡಿ ಹಿಂದಕ್ಕೆ ತೆಗೆಯುವಾಗ ಕೆಳಗೆ 'ಟಕ್' ಅಂತ ಸದ್ದಾಯಿತು. ಇಳಿದು ನೋಡಿದೆ. ಟೈರ್ ಸರಿ ಇದೆ, ಎಣ್ಣೆ ಸೋರುತ್ತಿಲ್ಲ, ಏನೂ ನೇತಾಡುತ್ತಿಲ್ಲ. ಸರಿ ಅಂತ ಬಿಟ್ಟೆ.

ಜನವರಿಯಲ್ಲಿ ಹಿಂದಿನಿಂದ ಕಿರ್ ಕಿರ್ ಶುರುವಾಯಿತು. ಎಡಗಡೆಯ ಶ್ಯಾಕಲ್ಲಿನ ಕೆಳಗಿನ ಪಿನ್ನಿನಲ್ಲಿ ನಿಪ್ಪಲ್ ಇರಬೇಕಾದ ಜಾಗದಲ್ಲಿ ಮುರಿದ ಹೊಳೆಯುವ ಬುಡ ಮಾತ್ರ ಇತ್ತು. ಗುಂಡು ಸ್ಪ್ರಿಂಗು ಎಲ್ಲ ತಲೆಯ ಜೊತೆ ಹೋಗಿದ್ದವು. ಮೂರೂವರೆ ತಿಂಗಳು ಆ ತೂತು ಬಾಯಿ ತೆರೆದುಕೊಂಡು ಧೂಳು ಕುಡಿದಿತ್ತು. ಪಿನ್ ಹೊರಗೆ ತೆಗೆದರೆ ಒಂದು ಮಗ್ಗುಲಲ್ಲಿ ಉಗುರು ಸಿಕ್ಕಿಕೊಳ್ಳುವಷ್ಟು ಸವೆದ ಗುಣಿ. ಇನ್ನೊಂದು ಮಗ್ಗುಲು ಹೊಸದರ ಹಾಗೆ. ಭಾರ ಯಾವಾಗಲೂ ಒಂದೇ ಕಡೆ ಬೀಳುತ್ತದಲ್ಲ.

ನಾನು ಡಾಕ್ಟರೇಟ್ ಮಾಡಿರುವುದು ಲೋಹಗಳ ಸವೆತದ ಮೇಲೆ. ನನ್ನ ಗಂಡ ಈ ಮಾತನ್ನು ಅವತ್ತಿನಿಂದ ಇವತ್ತಿನವರೆಗೆ ಬಂದವರಿಗೆಲ್ಲ ಹೇಳುತ್ತಿದ್ದಾರೆ.

ಆ ಪಿನ್ ಸ್ಪ್ರಿಂಗನ್ನೂ ಶ್ಯಾಕಲ್ಲನ್ನೂ ಹಿಡಿದಿಟ್ಟಿರುತ್ತದೆ. ಹಿಂದಿನ ಸೀಟಿನಲ್ಲಿ ಕೂರುವವನು ನನ್ನ ಮಗ. ನಗು ಬರಲಿಲ್ಲ ನನಗೆ.

ಗ್ರೀಸ್ ಇದ್ದರೆ ಧೂಳು ಹೋದರೂ ಪರವಾಗಿಲ್ಲ ಅಂತ ಅನೇಕರು ತಿಳಿದಿರುತ್ತಾರೆ. ಉಲ್ಟಾ. ಗ್ರೀಸ್ ಧೂಳನ್ನು ತೊಳೆಯುವುದಿಲ್ಲ, ಹಿಡಿದಿಟ್ಟುಕೊಳ್ಳುತ್ತದೆ. ಮರಳಿನ ಕ್ವಾರ್ಟ್ಜ್ ಗಡಸುತನದ ಮೋಸ್ ಮಾಪಕದಲ್ಲಿ 7. ಸಾಮಾನ್ಯ ಉಕ್ಕು ಅದಕ್ಕಿಂತ ಮೆತ್ತಗೆ. ಮರಳು ಸೇರಿದ ಗ್ರೀಸ್ ಅಂದರೆ ಸಾಣೆ ಹಿಡಿಯುವ ಮುದ್ದೆ, ಅಷ್ಟೇ. ನಿಪ್ಪಲ್ ಮುರಿಯದೇ ಇದ್ದರೂ ಅದರ ತಲೆಯ ಮೇಲೆ ಕೂತ ಕೆಸರನ್ನು ಒರೆಸದೆ ಗನ್ ಸಿಕ್ಕಿಸಿದರೆ ಮೊದಲ ಒತ್ತಿಗೆ ಆ ಕೆಸರನ್ನು ನಾವೇ ಕೈಯಾರೆ ಒಳಗೆ ತಳ್ಳಿದಂತೆ.

ಹಾಗಾದರೆ ಕಾಪಾಡುವುದು ಹೇಗೆ? ಅಂಗಡಿಗೆ ಹೋದರೆ ಬಣ್ಣಬಣ್ಣದ ಪ್ಲಾಸ್ಟಿಕ್ ಟೊಪ್ಪಿಗಳನ್ನು ಕೊಡುತ್ತಾರೆ. ಒಳ್ಳೆಯದೇ, ಆದರೆ ಟೊಪ್ಪಿ ತಡೆಯುವುದು ಧೂಳನ್ನು, ಕಲ್ಲನ್ನಲ್ಲ. ಕಲ್ಲಿನಿಂದ ಉಳಿಸುವುದು ನಿಪ್ಪಲ್ ಯಾವ ಕಡೆ ಮುಖ ಮಾಡಿದೆ ಅನ್ನುವುದು. ನಮ್ಮ ಕೆಳಗಿನ ಪಿನ್‌ಗಳ ತಲೆ ಹೊರಮಗ್ಗುಲಿಗಿತ್ತು. ಗ್ರೀಸ್ ಹೊಡೆಯಲು ಸುಲಭ, ಕಲ್ಲಿಗೂ ಸುಲಭ. ಹೊಸ ಪಿನ್ ಹಾಕಿಸುವಾಗ ತಿರುಗಿಸಿ ಒಳಮಗ್ಗುಲಿಗೆ ಮಾಡಿಸಿದೆ. ನೀವೂ ಹಾಗೆ ಮಾಡುವುದಾದರೆ ಎರಡು ವಿಷಯ ನೋಡಿಕೊಳ್ಳಿ: ಅಲ್ಲಿಗೆ ನಿಮ್ಮ ಗನ್ನಿನ ಮೂತಿ ತಲುಪಬೇಕು, ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗಲೂ ಪೂರ್ತಿ ಇಳಿದಾಗಲೂ ನಿಪ್ಪಲ್ ಚಾಸಿಗಾಗಲೀ ಸೈಲೆನ್ಸರ್ ಪೈಪಿಗಾಗಲೀ ತಾಗಬಾರದು. ನೇರ ನಿಪ್ಪಲ್ ಚಾಚುವ ಕಡೆ 45 ಅಥವಾ 90 ಡಿಗ್ರಿ ಬಾಗಿದ್ದು ಹಾಕಿ ಮರೆಯ ಕಡೆಗೆ ತಿರುಗಿಸಲೂಬಹುದು.

ಇನ್ನೊಂದು ದಾರಿ ನನಗೆ ಹೆಚ್ಚು ಇಷ್ಟ. ಕಲ್ಲುದಾರಿಯ ಪ್ರವಾಸಕ್ಕೆ ಮುಂಚೆ ಗ್ರೀಸ್ ತುಂಬಿ, ನಿಪ್ಪಲ್ಲನ್ನೇ ಬಿಚ್ಚಿ, ಆ ತೂತಿಗೆ ತಲೆಯಿಲ್ಲದ ಸಣ್ಣ ಸ್ಕ್ರೂ ಹಾಕಿಬಿಡುವುದು. ಮೇಲ್ಮೈಗೆ ಸಮನಾಗಿ ಕೂರುತ್ತದೆ, ಮುರಿಯಲು ಏನೂ ಉಳಿದಿರುವುದಿಲ್ಲ. ಬಂದ ಮೇಲೆ ಮತ್ತೆ ನಿಪ್ಪಲ್ ಹಾಕಿದರಾಯಿತು. ಎಚ್ಚರ ಬೇಕಾಗಿರುವುದು ಮರೆಯಲ್ಲಿ. 6 ಮಿಲಿಮೀಟರಿನ ಮೆಟ್ರಿಕ್ ಮರೆಗೂ ಅಮೆರಿಕದ ಕಾಲು ಇಂಚಿನ ಮರೆಗೂ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಂದು 6, ಇನ್ನೊಂದು 6.35. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗದಿದ್ದರೆ ಪಾನಾ ಹಾಕಿ ಬಿಗಿಯಬೇಡಿ. ಪಿನ್ನಿನ ಮರೆ ಹಾಳಾಗುತ್ತದೆ.

ನಿಪ್ಪಲ್ ಸುತ್ತ ಬಳೆಯ ಹಾಗೆ ಕಬ್ಬಿಣದ ಉಂಗುರ ಬೆಸುಗೆ ಹಾಕಿಸುವವರಿದ್ದಾರೆ. ನಾನು ಮಾಡಿಸಲಿಲ್ಲ. ಸ್ಪ್ರಿಂಗಿನ ಹತ್ತಿರ ಬೆಸುಗೆಯ ಶಾಖ ತಾಗಿದರೆ ಉಕ್ಕಿನ ಹದ ಕೆಡುತ್ತದೆ. ಹಾಗೆಯೇ, ಮಾಮೂಲಿ ಬೋಲ್ಟನ್ನು ಮನೆಯಲ್ಲಿ ಕೊರೆದು ಗ್ರೀಸ್ ದಾರಿ ಮಾಡುವ ಸಾಹಸ ಬೇಡ. ನಡುವಿನ ಉದ್ದ ತೂತಿನಿಂದ ಬೋಲ್ಟ್ ಬಾಗುವುದರ ವಿರುದ್ಧ ಕಳೆದುಕೊಳ್ಳುವ ಬಲ ಅತ್ಯಲ್ಪ. ಗ್ರೀಸ್ ಹೊರಗೆ ಬರುವ ಅಡ್ಡತೂತೇ ಅಪಾಯ. ಅದರ ಅಂಚಿನಲ್ಲಿ ಒತ್ತಡ ಹಲವು ಪಟ್ಟು ಒಟ್ಟುಗೂಡುತ್ತದೆ, ಬಿರುಕು ಅಲ್ಲಿಂದಲೇ ಹೊರಡುತ್ತದೆ. ತಯಾರಕರು ಅದನ್ನು ಲೆಕ್ಕ ಹಾಕಿ, ತಕ್ಕ ಉಕ್ಕು ಆರಿಸಿ ಮಾಡಿರುತ್ತಾರೆ.

ಈಗ ಟೊಪ್ಪಿಗಳು. ಪ್ಲಾಸ್ಟಿಕ್ಕಿನವು ಬಾಲದಿಂದ ನಿಪ್ಪಲ್ ಕುತ್ತಿಗೆಗೆ ಸಿಕ್ಕಿಕೊಂಡಿರುತ್ತವೆ, ಆದರೂ ಪೊದೆಗೆ ಸಿಕ್ಕಿ ಉದುರುತ್ತವೆ. ಇಂಜಿನ್ನಿನ ವ್ಯಾಕ್ಯೂಮ್ ಪೈಪುಗಳ ತುದಿ ಮುಚ್ಚುವ ಕಪ್ಪು ರಬ್ಬರ್ ಬಿರಡೆ ಸಿಗುತ್ತದಲ್ಲ, ಅಳತೆ ನೋಡಿ ತಂದರೆ ಅದು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಏನೂ ಇಲ್ಲದಿದ್ದರೆ ಗ್ರೀಸ್ ಹೊಡೆದಾದ ಮೇಲೆ ನಿಪ್ಪಲ್ ತಲೆಯ ಮೇಲೆ ಒಂದು ಚಿಟಿಕೆ ಗ್ರೀಸ್ ಬಿಡಿ. ಅದೇ ಟೊಪ್ಪಿ. ಮುಂದಿನ ಸಲ ಧೂಳಿನ ಸಮೇತ ಒರೆಸಿ ಎಸೆದರಾಯಿತು.

ನಾವು ಪ್ಲಾಸ್ಟಿಕ್ಕಿನ ಕೆಂಪು ಟೊಪ್ಪಿ ತಂದೆವು, ಕಾರಣ ಮಗ. ಎಂಟು ಟೊಪ್ಪಿಗಳ ಉಸ್ತುವಾರಿ ಅವನಿಗೆ. ತಿಂಗಳಿಗೊಮ್ಮೆ, ಪ್ರವಾಸಕ್ಕೆ ಮುಂಚೆ, ನೀರು ಕೆಸರು ದಾಟಿ ಬಂದ ಮೇಲೆ, ನಾವಿಬ್ಬರೂ ಗಾಡಿಯ ಹತ್ತಿರ ಕೂರುತ್ತೇವೆ. ಹತ್ತಿರ, ಕೆಳಗಲ್ಲ. ಕೆಳಗೆ ಹೋಗುವುದು ನಾನೊಬ್ಬಳೇ. ಅದೂ ಸಮತಟ್ಟು ನೆಲದಲ್ಲಿ, ಗಾಲಿಗೆ ಅಡ್ಡ ಕೊಟ್ಟು, ಚಾಸಿಯ ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲೆ. ಬರೀ ಜಾಕ್ ನಂಬಿ ಗಾಡಿಯ ಕೆಳಗೆ ತಲೆ ಹಾಕಬೇಡಿ. ಚಾಸಿ ಎತ್ತಿ ಸ್ಪ್ರಿಂಗಿನ ಮೇಲಿನ ಭಾರ ಇಳಿಸಿದರೆ ಇನ್ನೊಂದು ಲಾಭ: ಒತ್ತಿ ಕೂತ ಮಗ್ಗುಲು ಸಡಿಲವಾಗಿ ಗ್ರೀಸ್ ಸುತ್ತಲೂ ಹರಡುತ್ತದೆ.

ಮೊದಲ ದಿನ ನಾನು ಒಂದು ನಿಯಮ ಹಾಕಿಕೊಂಡೆ. ಅವನಿಗಲ್ಲ, ನನಗೆ. ಗ್ರೀಸ್ ಕೆಲಸ ಮುಗಿಯುವವರೆಗೆ 'ಯಾಕೆ'ಗೆ ಉತ್ತರ ಕನ್ನಡದಲ್ಲೇ ಕೊಡಬೇಕು. ಅವನು ಯಾವ ಭಾಷೆಯಲ್ಲಿ ಬೇಕಾದರೂ ಕೇಳಲಿ.

ನಿಜ ಹೇಳುತ್ತೇನೆ, ಬೆವರಿಳಿಯಿತು. ಹತ್ತು ವರ್ಷದಿಂದ ಇದನ್ನೇ ಕೆಲಸ ಮಾಡಿಕೊಂಡವಳು ನಾನು, ಹಳೆಯ ಗ್ರೀಸ್ ಯಾಕೆ ಕಪ್ಪಾಗಿದೆ ಅಂತ ಅವನು ಇಂಗ್ಲಿಷಿನಲ್ಲಿ ಕೇಳಿದರೆ ಕನ್ನಡದಲ್ಲಿ ಬಾಯಿ ಕಟ್ಟಿತು. 'ಘರ್ಷಣೆ' ನಾಲಿಗೆಗೆ ಬಂತು, ಏಳನೇ ಕ್ಲಾಸಿನ ವಿಜ್ಞಾನದ ಪುಸ್ತಕದಿಂದ. ಅವನಿಗೆ ಅದು ಏನು ಹೇಳೀತು? ಕೊನೆಗೆ ಹೇಳಿದೆ: "ಎರಡು ಕಬ್ಬಿಣ ಒಂದಕ್ಕೊಂದು ಉಜ್ಜಿ ಉಜ್ಜಿ ಸವೆಯತ್ತೆ ಮರಿ. ಸವೆದ ಪುಡಿ, ಧೂಳು ಎಲ್ಲ ಗ್ರೀಸಿನಲ್ಲಿ ಸೇರಿ ಕಪ್ಪಾಗತ್ತೆ." ಆಮೇಲೆ ಸುಲಭವಾಯಿತು. ಸವೆ, ಸಡಿಲ, ಬಿಗಿ, ಜಾರು, ಉಕ್ಕು, ಸೋರು, ಕಚ್ಚಿಕೊಂಡಿದೆ, ಒರೆಸು. ನನ್ನ ಫ್ರಿಜ್ಜಿನ ಹಾಳೆಯಲ್ಲಿ ಇವು ಯಾವುವೂ ಇರಲಿಲ್ಲ.

ಅವನ ಕೆಲಸ ಟೊಪ್ಪಿ ತೆಗೆದು ಡಬ್ಬಿಗೆ ಹಾಕುವುದು, ಹೊರಗಿನಿಂದ ಕೈಗೆಟುಕುವ ನಿಪ್ಪಲ್ಲುಗಳನ್ನು ಒರೆಸುವುದು, ನಾನು ಗನ್ ಒತ್ತುವುದನ್ನು ಎಣಿಸುವುದು. ನಿಪ್ಪಲ್ ಅನ್ನುವ ಪದ ಅವನಿಗೆ ಹಿಡಿಸಲಿಲ್ಲ, 'ಬಾಯಿ' ಅಂದ. "ಬಾಯಿ ಒರೆಸಿದೆ, ಊಟ ಕೊಡು." ಬುಷ್ಷಿಗೆ ಹೊಸ ಗ್ರೀಸ್ ಅಂಚಿನಲ್ಲಿ ಇಣುಕುವವರೆಗೆ ಕೊಡಬೇಕು. ಬಾಲ್ ಜಾಯಿಂಟಿಗೆ ಹಾಗಲ್ಲ, ಅದರ ರಬ್ಬರ್ ಬೂಟು ಸ್ವಲ್ಪ ಉಬ್ಬಿದ ಕೂಡಲೇ ನಿಲ್ಲಿಸಬೇಕು, ಇಲ್ಲದಿದ್ದರೆ ಒಡೆದು ಅಲ್ಲಿಂದಲೇ ಧೂಳು ಒಳಗೆ ಹೋಗುತ್ತದೆ. "ಹೊಟ್ಟೆ ತುಂಬಿತು!" ಅಂತ ಕೂಗುವುದು ಅವನೇ. ಕನ್ನಡದಲ್ಲಿ ಇಪ್ಪತ್ತರ ಮೇಲೆ ಎಣಿಸಲು ಅವನಿಗೆ ಬರುತ್ತಿರಲಿಲ್ಲ. ಒಣಗಿದ್ದ ಒಂದು ಪಿನ್ ಮೂವತ್ತು ಒತ್ತು ಕುಡಿಯಿತು. ಇಪ್ಪತ್ತೊಂಬತ್ತು ಆದ ಮೇಲೆ ಅವನು ಸ್ವಲ್ಪ ಯೋಚಿಸಿ "ಇಪ್ಪತ್ತಹತ್ತು" ಅಂದ. ತಿದ್ದಲು ನನಗೆ ಮನಸ್ಸಾಗಲಿಲ್ಲ. ಮುಂದಿನ ತಿಂಗಳು ತಾನೇ ಮೂವತ್ತು ಅಂದ, ಎಲ್ಲಿಂದ ಕಲಿತನೋ.

ಗ್ರೀಸ್ ಯಾವುದು ಅಂತ ಕೇಳುವವರಿಗೆ: ಪಾಲಿಯುರಿಥೇನ್ ಬುಷ್ಷಿಗೆ ಅದರ ತಯಾರಕರು ಹೇಳಿದ್ದೇ. ನೈಸರ್ಗಿಕ ರಬ್ಬರಿಗೆ ಪೆಟ್ರೋಲಿಯಂ ಗ್ರೀಸ್ ತಾಗಿದರೆ ಅದು ಉಬ್ಬಿ ಹಾಳಾಗುತ್ತದೆ, ಹಾಗಾಗಿ ಕಂಪನಿಯ ರಬ್ಬರ್ ಬುಷ್ ಇದ್ದರೆ ಸುಮ್ಮನೆ ಬಿಡಿ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಬೇಡಿ, ಕೆಲವು ಜೋಡಿಗಳು ಸೇರಿದರೆ ನೀರಾಗಿ ಹರಿದುಹೋಗುತ್ತವೆ.

ಇನ್ನು ನಾನು ಬರೆಯಲೇಬೇಕಾದ ಮಾತು. ಕೈಯಲ್ಲಿ ಒತ್ತುವ ಗ್ರೀಸ್ ಗನ್ ಕೂಡ ಚದರ ಇಂಚಿಗೆ ಸಾವಿರಾರು ಪೌಂಡ್ ಒತ್ತಡ ಹುಟ್ಟಿಸುತ್ತದೆ. ಮೂರನೆಯ ಸಲವೋ ಏನೋ, ಒಂದು ನಿಪ್ಪಲ್ ಗ್ರೀಸ್ ತೆಗೆದುಕೊಳ್ಳುತ್ತಿರಲಿಲ್ಲ. ನಾನು ಬಲ ಹಾಕಿ ಒತ್ತುತ್ತಿದ್ದೆ. ಗನ್ನಿನ ಹೋಸ್ ಪೈಪಿನ ಬುಡದಲ್ಲಿ ಒಂದು ಬಿರುಕಿನಿಂದ ದಾರದಷ್ಟು ಸಣ್ಣಗೆ ಗ್ರೀಸ್ ಬರತೊಡಗಿತು. ಮಗ ಸಹಾಯ ಮಾಡಲು ಬೆರಳು ಮುಂದೆ ಚಾಚಿದ.

"ಏಯ್! ಕೈ ತೆಗಿ!"

ಅವನು ಕೈ ತೆಗೆದ. ತಕ್ಷಣ. ನಾನು ಗನ್ ಬಿಟ್ಟು ಈಚೆ ಬಂದು ಅವನ ಹತ್ತು ಬೆರಳನ್ನೂ ಬಿಡಿಸಿ ನೋಡಿದೆ. ಏನೂ ಆಗಿರಲಿಲ್ಲ. ಆ ಒತ್ತಡದಲ್ಲಿ ಗ್ರೀಸ್ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟು ಗುರುತು, ಮೊದಲಿಗೆ ನೋವೂ ಇರುವುದಿಲ್ಲ, ಒಳಗೆ ಊತಕಗಳು ಸಾಯತೊಡಗಿರುತ್ತವೆ. ದೊಡ್ಡವರಿಗಾಗಲಿ ಮಕ್ಕಳಿಗಾಗಲಿ ಹಾಗಾದರೆ ನಾಳೆ ನೋಡೋಣ ಅನ್ನುವ ಹಾಗಿಲ್ಲ. ಆ ಕ್ಷಣವೇ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ 'ಗ್ರೀಸ್ ಗನ್ನಿನ ಒತ್ತಡದಿಂದ ಒಳಗೆ ಹೋಗಿದೆ' ಅಂತ ಹೇಳಬೇಕು, ಶಸ್ತ್ರಚಿಕಿತ್ಸೆಯೇ ಬೇಕಾಗುತ್ತದೆ. ಹೋಸ್ ಹಳೆಯದಾಗಿದ್ದರೆ ಇವತ್ತೇ ಬದಲಾಯಿಸಿ. ನಿಪ್ಪಲ್ ಕಟ್ಟಿಕೊಂಡಿದ್ದರೆ ಬಲ ಹಾಕಬೇಡಿ, ಬಿಚ್ಚಿ ಹೊಸದು ಹಾಕಿ. ಅದರ ಬೆಲೆ ಇಲ್ಲಿನ ಒಂದು ಕಾಫಿಗಿಂತ ಕಡಿಮೆ. ಗನ್ ಒತ್ತುವ ಹೊತ್ತಿನಲ್ಲಿ ಮಗ ಈಗ ಎರಡು ಮಾರು ದೂರದ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕೂತು ಎಣಿಸುತ್ತಾನೆ. ನಾನೂ ಕನ್ನಡಕ, ಕೈಗವಸು ಹಾಕದೆ ಮುಟ್ಟುವುದಿಲ್ಲ. ಮೊದಲೇ ಹೀಗೆ ಮಾಡಬೇಕಿತ್ತು.

ಆಜ್ಞೆಗಳ ಭಾಷೆ ಅಂತ ಮೇಲೆ ಬೈದುಕೊಂಡೆನಲ್ಲ, ಅವತ್ತು ಆ ಎರಡು ಪದ ಕೆಲಸಕ್ಕೆ ಬಂದವು. ಅದನ್ನೂ ಬರೆದುಬಿಡುತ್ತೇನೆ, ಲೆಕ್ಕ ಸರಿ ಇರಲಿ.

ಭಾನುವಾರದ ವಿಡಿಯೋ ಕಾಲಿನಲ್ಲಿ ಅಪ್ಪನಿಗೆ ಗ್ರೀಸ್ ಸುದ್ದಿ ಹೇಳಿದೆ. ಚನ್ನರಾಯಪಟ್ಟಣದ ಹತ್ತಿರದ ಹಳ್ಳಿಯಲ್ಲಿ ಎತ್ತಿನಗಾಡಿ ಹೊಡೆದು ಬೆಳೆದವರು ಅವರು. ಮೊಮ್ಮಗನ ಜೊತೆ ಅವರ ಮಾತು ಸಾಮಾನ್ಯವಾಗಿ "ಊಟ ಆಯ್ತಾ?" "ಆಯ್ತು"ಗೆ ಮುಗಿಯುತ್ತದೆ. ಅವತ್ತು ಅಪ್ಪ ಕೇಳಿದರು: "ಕೀಲೆಣ್ಣೆ ಹಾಕ್ತಿದೀಯೇನೋ?" ಗಾಡಿಯ ಅಚ್ಚಿಗೆ ಹಾಕುವ ಕೀಲೆಣ್ಣೆ ಮಾಡುತ್ತಿದ್ದುದನ್ನು ವಿವರಿಸಿದರು. ಹುಲ್ಲು ಸುಟ್ಟ ಕರಿ, ಹರಳೆಣ್ಣೆ, ಎರಡನ್ನೂ ಚೆನ್ನಾಗಿ ಕಲೆಸಿ ಬಿದಿರಿನ ಗೊಟ್ಟದಲ್ಲಿ ತುಂಬಿಡುವುದು. ಕಡಾಣಿ ಕಿತ್ತು ಗಾಲಿ ಸರಿಸಿ ಬಳಿಯುವುದು. ಬರೀ ಹರಳೆಣ್ಣೆ ಹಾಕಿದರೆ ಏನಾಗುತ್ತೆ ತಾತ, ಅಂತ ಇವನು ಕೇಳಿದ. ಅರ್ಧ ಇಂಗ್ಲಿಷಿನಲ್ಲಿ. "ಸೋರ್ ಹೋಗುತ್ತಪ್ಪ. ಕರಿ ಇದ್ರೆ ಹಿಡ್ಕೊಂಡು ಕೂರುತ್ತೆ." ನನ್ನ ಲ್ಯಾಬಿನ ದುಬಾರಿ ಗ್ರೀಸಿನದೂ ಇದೇ ಕತೆ: ಬಹುಪಾಲು ಎಣ್ಣೆ, ಅದನ್ನು ಹಿಡಿದು ಕೂರಿಸುವ ಇನ್ನೊಂದು ಪದಾರ್ಥ. ನಾನು ಹತ್ತು ವಾಕ್ಯದಲ್ಲಿ ಹೇಳುತ್ತಿದ್ದುದನ್ನು ಅಪ್ಪ ಎರಡರಲ್ಲಿ ಮುಗಿಸಿದ್ದರು. ಕಾಲ್ ನಲವತ್ತು ನಿಮಿಷ ನಡೆಯಿತು.

ಇದರಿಂದ ಮಗ ಕನ್ನಡದಲ್ಲೇ ಮಾತಾಡತೊಡಗಿದ ಅಂತ ನಾನು ಹೇಳಿದರೆ ಸುಳ್ಳಾಗುತ್ತದೆ. ಶಾಲೆಯಿಂದ ಬಂದ ಕೂಡಲೇ ಇಂಗ್ಲಿಷೇ. ಆದರೆ ಕಳೆದ ವಾರ ಕಾಲು ಎತ್ತಿ ತೋರಿಸಿ "ಅಮ್ಮ, ಶೂ ಸವೆದಿದೆ. ಒಂದೇ ಕಡೆ" ಅಂದ. ಅವನು ಹಿಮ್ಮಡಿಯ ಹೊರಮಗ್ಗುಲಿಗೆ ಭಾರ ಹಾಕಿ ನಡೆಯುತ್ತಾನೆ, ನನ್ನ ಹಾಗೆಯೇ.

ಹೋದ ತಿಂಗಳು ಮತ್ತೆ ಫ್ಲಿಂಡರ್ಸ್‌ಗೆ ಹೋಗಿಬಂದೆವು. ಈ ಸಲ ಕೆಳಗಿನ ಎರಡು ಪಿನ್ನಿಗೆ ಸ್ಕ್ರೂ ಹಾಕಿದ್ದೆ, ಉಳಿದ ಆರಕ್ಕೆ ಟೊಪ್ಪಿ. ಬಂದ ರಾತ್ರಿಯೇ ಅವನು ಟಾರ್ಚ್ ಹಿಡಿದು ಬಗ್ಗಿ ಎಣಿಸಿ ಬಂದ. ಅಪ್ಪನ ಕಾಲ್ ಬಂದಿತ್ತು.

"ಎಲ್ಲ ಇದಾವೇನೋ?"

"ಒಂದು ಕಳೆದೋಯ್ತು ತಾತ. ಬಾಯಿ ಇದೆ, ಟೊಪ್ಪಿ ಇಲ್ಲ."

"ಒರೆಸಿ ಹಾಕು ಮತ್ತೆ."

"ಗೊತ್ತು."

ಗಾಡಿಯ ಭಾಗಗಳಿಗೆ ನಿಮ್ಮ ಕಡೆ ಏನೇನು ಹೆಸರಿವೆ? ನಮ್ಮ ಕಡಾಣಿಗೆ, ಗೊಟ್ಟಕ್ಕೆ ಧಾರವಾಡದವರು, ಕಲಬುರಗಿಯವರು, ಕರಾವಳಿಯವರು ಏನನ್ನುತ್ತೀರಿ? ಮನೆಯ ಹಿರಿಯರನ್ನು ಕೇಳಿ ಬರೆದು ಕಳಿಸಿ. ಫ್ರಿಜ್ಜಿನ ಮೇಲೆ ಹೊಸ ಹಾಳೆ ಅಂಟಿಸಿದ್ದೇನೆ.